ಮೆಟ್ಟಿಲ ಪಕ್ಕದ ಕಂಬ

ಸಸಮೊರಿ ಮೇಸ್ತ್ರಿಯ ಕಿವಿ ಎಂದರೆ ಹಾಕೊದಾತೆ ಊರಿನ ಕಟ್ಟಡ ಕೆಲಸದವರಲ್ಲಿ ಒಂದು ಕಾಲಕ್ಕೆ ದೊಡ್ಡ ಮಾತು. ಹಳೆಯ ಕಾಂಕ್ರೀಟ್ ಕಂಬಕ್ಕೆ ಇಂಗಾಲದ ನೂಲಿನ ಕಪ್ಪು ಬಟ್ಟೆ ಸುತ್ತಿ, ರಾಳ ಕುಡಿಸಿ, ಅದು ಗಟ್ಟಿಯಾದ ಮೇಲೆ ಗುಂಡು ತುದಿಯ ಸರಳು ಹಿಡಿದು ಮೇಲಿನಿಂದ ಬುಡದ ತನಕ ತಟ್ಟಿ ನೋಡಬೇಕು. ಬಟ್ಟೆ ಕಂಬಕ್ಕೆ ಕಚ್ಚಿಕೊಂಡಿದ್ದರೆ ಠಣ್ ಎನ್ನುತ್ತದೆ. ಒಳಗೆ ಗಾಳಿ ಸೇರಿ ಪೊಳ್ಳಾಗಿದ್ದರೆ ಬೊದ್ ಎನ್ನುತ್ತದೆ. ಪೊಳ್ಳು ಕಂಡಲ್ಲಿ ಸೀಮೆಸುಣ್ಣದಿಂದ ಸುತ್ತು ಹಾಕಿ, ಸಿರಿಂಜಿನಿಂದ ಮತ್ತೆ ರಾಳ ತುಂಬಬೇಕು. ತಟ್ಟುವವರು ಎಷ್ಟೋ ಜನ, ಕೇಳುವವರು ಕಡಿಮೆ. ಸಸಮೊರಿ ಕೇಳುತ್ತಿದ್ದ. ಅಂಗೈಯಗಲದ ಗುಳ್ಳೆಯನ್ನು ಸಾರುವೆಯ ಕೆಳಗೆ ನಿಂತೇ ಹಿಡಿಯುತ್ತಿದ್ದ.

ಈಗ ಆ ಕಿವಿ ಹೋಗಿತ್ತು. ಆಯುಸ್ಸೆಲ್ಲ ಗ್ರೈಂಡರ್ ಹಿಡಿದು ಕಂಬದ ಮೂಲೆ ಉಜ್ಜಿದವನ ಕಿವಿ ಇನ್ನೆಷ್ಟು ದಿನ ಬಾಳೀತು? ಗಂಡಸರ ದಪ್ಪ ದನಿ ಕೇಳುತ್ತಿತ್ತು, ಅದೇ ಅವನನ್ನು ಇಷ್ಟು ದಿನ ಉಳಿಸಿದ್ದು. ಸಣ್ಣ ಸದ್ದುಗಳೆಲ್ಲ, ನೀರು ಕುದಿಯುವ ಕೆಟಲ್ಲಿನ ಶಿಳ್ಳೆ, ಹೆಂಡತಿ ಕಿನುಕೊಳ ಮಾತಿನ ಕೊನೆ, ಒಂದೊಂದಾಗಿ ಮಾಯವಾಗಿದ್ದವು. ಠಣ್ಣೂ ಬೊದ್ದೂ ಒಂದೇ ಆಗಿಹೋಗಿದ್ದವು.

ಹೋಗಲಿ, ಕಿವಿ ಮಂದವಾಯಿತು ಎಂದು ಒಂದು ಮಾತು ಹೇಳಿಬಿಡಬಹುದಿತ್ತಲ್ಲ? ಎಲ್ಲಿ! ಹೇಳಿದರೆ ಸಸಮೊರಿ ಎನ್ನುವುದಕ್ಕೆ ಇನ್ನೇನು ಉಳಿಯುತ್ತದೆ ಎಂದು ಅವನಿಗೆ ಅನ್ನಿಸಿತ್ತು. ಆದ್ದರಿಂದ ಅವನು ಒಂದು ಹಲ್ಕಾ ಕೆಲಸಕ್ಕೆ ಇಳಿದಿದ್ದ. ಮೊದಲಿನ ಹಾಗೇ ತಲೆ ಓರೆ ಮಾಡಿ ತಟ್ಟುತ್ತಿದ್ದ, ಮೊದಲಿನ ಹಾಗೇ ಹುಬ್ಬು ಗಂಟಿಕ್ಕುತ್ತಿದ್ದ. ಒಂದೂ ಪೊಳ್ಳು ಸಿಗಲಿಲ್ಲ ಎಂದರೆ ಯಾರಾದರೂ ಅನುಮಾನ ಪಟ್ಟಾರೆಂದು ಅಲ್ಲೊಂದು ಇಲ್ಲೊಂದು ಸುಮ್ಮನೆ ಸುತ್ತು ಹಾಕುತ್ತಿದ್ದ. ಅವನ ಕೈಕೆಳಗಿನ ಕೆಲಸಗಾರ, ದಪ್ಪ ಮೈಯ ಗೊಂಡೊ ಸಿರಿಂಜು ಹಿಡಿದು ಬಂದು ಅಲ್ಲಿ ರಾಳ ತುಂಬಿ, "ತುಂಬ್ತು ಮೇಸ್ತ್ರಿಗಳೇ," ಎನ್ನುತ್ತಿದ್ದ. ಆಗ ಸಸಮೊರಿಗೆ ಎಷ್ಟು ಸಮಾಧಾನ! ಕಣ್ಣು ಮುಚ್ಚಿ ಹಾಕಿದ ಸುತ್ತಿನಲ್ಲೂ ಪೊಳ್ಳು ಇತ್ತಲ್ಲ, ಕೈಗೇ ಅಭ್ಯಾಸವಾಗಿದೆ ಎಂದುಕೊಳ್ಳುತ್ತಿದ್ದ.

ಆ ಶರತ್ಕಾಲ ಅವನ ತಂಡ ಹಿಡಿದಿದ್ದು ಗುಡ್ಡದ ಬುಡದ ಹಳೆಯ ಶಾಲೆ. ಊರಿಗೆ ಊರೇ ಬೆಂಕಿಗೆ ಬಲಿಯಾದ ಮೇಲೆ, ಇನ್ನು ಮರದ ಸಹವಾಸವೇ ಬೇಡ ಎಂದು ಹಿಂದಿನವರು ಕಾಂಕ್ರೀಟಿನಲ್ಲಿ ಕಟ್ಟಿಸಿದ್ದು. ಬೆಂಕಿಗೆ ಹೆದರಿ ಕಟ್ಟಿದವರಿಗೆ ಭೂಕಂಪದ ಯೋಚನೆ ಅಷ್ಟಾಗಿ ಬಂದಿರಲಿಲ್ಲ. ಕಂಬದೊಳಗೆ ಕಬ್ಬಿಣ ತೆಳು, ಅದಕ್ಕೆ ಬಿಗಿದ ಬಳೆಗಳು ದೂರ ದೂರ. ಕಟ್ಟಡವೇನೋ ಚಂದ. ಕಮಾನಿನ ಕಿಟಕಿ, ಕಲ್ಲುಪುಡಿಯ ಗಾರೆ, ಸವೆದು ನುಣ್ಣಗಾದ ಮೆಟ್ಟಿಲು. ಕಬ್ಬಿಣದ ತೊಲೆ ಅಡ್ಡ ಹಾಕಿದರೆ ಆ ಚಂದ ಕೆಡುತ್ತದೆಂದು ಕಂಬಗಳಿಗೆ ಬಟ್ಟೆ ಸುತ್ತಿ, ಮೇಲೆ ಹಳೆಯ ಥರದ್ದೇ ಗಾರೆ ಬಳಿದು, ವಸಂತಕ್ಕೆ ಮಕ್ಕಳ ಪುಸ್ತಕಾಲಯ ಮಾಡುವುದೆಂದು ತೀರ್ಮಾನವಾಗಿತ್ತು. ಹಿಮ ಬಿದ್ದರೆ ರಾಳ ಗಟ್ಟಿಯಾಗುವುದಿಲ್ಲ. ಅದಕ್ಕೇ ಎಲ್ಲರಿಗೂ ಅವಸರ.

ಕೆಲಸದ ಉಸ್ತುವಾರಿ ನುಮತಾ ಎಂಬ ಹೆಂಗಸಿನದು. ಸಸಮೊರಿಯ ಕೈಕೆಳಗೇ ಕೆಲಸ ಕಲಿತವಳು, ಈಗ ಅವನಿಗೇ ಮೇಲಿನವಳು. ಆದರೂ ಅವನೆದುರು ಕೂತು ಮಾತಾಡಿದವಳಲ್ಲ. ಗೊಂಡೊ ಮತ್ತಿತರರು ಅವಳ ಮಾತು ಕೇಳುತ್ತಿದ್ದರು, ಸಸಮೊರಿಯ ಬೈಗುಳ ತಿನ್ನುತ್ತಿದ್ದರು.

"ಏನಯ್ಯ ಗೊಂಡೊ, ಊಟ ಆದ್ರೆ ಸಾಕು, ಬಾಯಿ ಆ ಅಂತ ತೆಗೀತೀಯ. ರಾತ್ರಿ ಎಲ್ಲಾ ಮೀನು ಹಿಡಿಯೋಕೆ ದೋಣಿ ಹತ್ತೀಯಾ ಹೇಗೆ?"

"ಇಲ್ಲ ಮೇಸ್ತ್ರಿಗಳೇ, ಅನ್ನ ಒಂಚೂರು ಜಾಸ್ತಿ ಆಯ್ತು."

"ಅನ್ನ ಅಲ್ಲ, ಸೋಮಾರಿತನ ಜಾಸ್ತಿ ಆಗಿದೆ. ಉಂಡಮೇಲೆ ರಟ್ಟಿನ ಮೇಲೆ ಬಿದ್ಕೊಂಡು ಒಂದು ನಿದ್ದೆ ತೆಗೆದ್ರೆ ಸಂಜೆ ತನಕ ಕಣ್ಣು ಎಳೆಯಲ್ಲ. ನಾನು ವ್ಯಾನಲ್ಲಿ ಮಲಗಲ್ವಾ? ನಿಮಗೆ ನಿದ್ದೆ ಮಾಡೋದೂ ಹೇಳ್ಕೊಡಬೇಕು!"

ಗೊಂಡೊ ತಲೆ ಕೆರೆದುಕೊಂಡು ನಕ್ಕ. ನುಮತಾ ಕಣ್ಣುಜ್ಜಿಕೊಂಡು ನಕ್ಷೆಯ ಕಡೆ ತಿರುಗಿದಳು.

ಗುರುವಾರ ನಗರಸಭೆಯವರು ಕೆಲಸ ನೋಡಲು ಬಂದರು. ಟೈ ಕಟ್ಟಿದವರು, ತಲೆಗೆ ಹೊಸ ಹೆಲ್ಮೆಟ್ಟು. ತಟ್ಟುವುದನ್ನು ಒಮ್ಮೆ ತೋರಿಸುತ್ತೀರಾ ಎಂದು ಅವರು ಕೇಳಿದ್ದೇ ತಡ, ಸಸಮೊರಿಗೆ ಹಳೆಯ ಹುರುಪು ಬಂತು. ಮೆಟ್ಟಿಲ ಪಕ್ಕದ ಕಂಬದೆದುರು ನಿಂತು, ತಲೆ ಓರೆ ಮಾಡಿ, ಸರಳಿನಿಂದ ಅದರ ಮುಂಭಾಗವನ್ನು ತಟ್ಟುತ್ತಾ ಹೋದ.

"ಕೇಳಿಸ್ತಾ? ದೇವಸ್ಥಾನದ ಗಂಟೆ ಇದ್ದ ಹಾಗಿದೆ! ಈ ಶಾಲೇಲಿ ಇದರಷ್ಟು ಗಟ್ಟಿ ಕಂಬ ಇನ್ನೊಂದಿಲ್ಲ. ಭೂಮಿ ಎಷ್ಟು ಬೇಕಾದ್ರೂ ಕುಣೀಲಿ, ಇದರ ಬುಡದಲ್ಲಿ ಕೂತ್ಕೊಂಡು ಟೀ ಕುಡೀಬಹುದು!"

ಬಂದವರು ಚಪ್ಪಾಳೆ ತಟ್ಟಿದರು. ಸಸಮೊರಿ ತನ್ನವರ ಕಡೆ ನೋಡಿದ. ಗೊಂಡೊ ತನ್ನ ಬೂಟನ್ನೇ ನೋಡುತ್ತಿದ್ದ. ನುಮತಾಳೂ ನೆಲ ನೋಡುತ್ತಿದ್ದಳು. ಹಿರಿಯರೆದುರು ಹೀಗೆ ತಲೆ ತಗ್ಗಿಸುವುದು ಈ ಕಾಲದಲ್ಲೂ ಉಳಿದಿದೆಯಲ್ಲ ಎಂದು ಸಸಮೊರಿಗೆ ಎದೆ ತುಂಬಿ ಬಂತು. ಅಂದು ಊಟಕ್ಕೂ ವ್ಯಾನಿಗೆ ಹೋಗದೆ ಅದೇ ಕಂಬಕ್ಕೆ ಒರಗಿ ಉಂಡು, ಅಲ್ಲೇ ಕಣ್ಣು ಮುಚ್ಚಿದ.

ಮರುದಿನ ಮಧ್ಯಾಹ್ನ ಅವನು ವ್ಯಾನಿನಲ್ಲಿ ಕೂತು ಬುತ್ತಿ ಬಿಚ್ಚಿದ. ನೋಡಿದರೆ ಟೀ ಫ್ಲಾಸ್ಕು ಇಲ್ಲ. ಒಳಗೆ ಕಿಟಕಿಯ ಮೇಲೆ ಬಿಟ್ಟುಬಂದಿದ್ದ. ತರೋಣವೆಂದು ಹಿಂಬಾಗಿಲಿನಿಂದ ಒಳಗೆ ಹೋದವನು ಹಜಾರದ ಮೂಲೆಯಲ್ಲಿ ನಿಂತುಬಿಟ್ಟ.

ಯಾರೂ ಊಟದ ಕೊಠಡಿಯಲ್ಲಿ ಇರಲಿಲ್ಲ. ಎಲ್ಲರೂ ಕಂಬಗಳ ಸುತ್ತ ಇದ್ದರು. ಗೊಂಡೊನ ಎಡಗೈಯಲ್ಲಿ ಅರ್ಧ ಕಚ್ಚಿದ ಅನ್ನದ ಉಂಡೆ, ಬಲಗೈಯಲ್ಲಿ ಸರಳು. ಸಸಮೊರಿ ಬೆಳಿಗ್ಗೆಯಷ್ಟೇ ತಟ್ಟಿ ಸರಿಯಿದೆ ಎಂದಿದ್ದ ಕಂಬವನ್ನು ಅವನು ಮೇಲಿನಿಂದ ಮತ್ತೆ ತಟ್ಟುತ್ತಿದ್ದ. ನುಮತಾ ಪಕ್ಕದಲ್ಲಿ ನಿಂತು ಕೇಳಿಸಿಕೊಂಡು, ಸೀಮೆಸುಣ್ಣದಿಂದ ಸುತ್ತು ಹಾಕುತ್ತಿದ್ದಳು. ಇನ್ನೊಬ್ಬ ಹಿಂದೆಯೇ ಸಿರಿಂಜು ಹಿಡಿದು ತುಂಬುತ್ತಿದ್ದ. ಮತ್ತೊಬ್ಬ ಒದ್ದೆ ಬಟ್ಟೆಯಿಂದ ಸೀಮೆಸುಣ್ಣದ ಗುರುತು ಅಳಿಸುತ್ತಿದ್ದ. ಒಬ್ಬರಿಗೊಬ್ಬರು ಏನೂ ಹೇಳಬೇಕಾಗಿರಲಿಲ್ಲ. ದಿನಾ ಮಾಡಿ ಮಾಡಿ ರೂಢಿಯಾದ ಕೆಲಸವೆಂದು ನೋಡಿದರೇ ತಿಳಿಯುತ್ತಿತ್ತು.

ಸಸಮೊರಿ ಹಾಕಿದ್ದ ಸುತ್ತೊಂದರ ಹತ್ತಿರ ಗೊಂಡೊ ನಿಂತ. ತಟ್ಟಿ ನೋಡಿ, ಸೂಜಿ ಚುಚ್ಚಲು ನೋಡಿದ. ಒಳಗೆ ಹೋಗಲಿಲ್ಲ. ಎಲ್ಲಿ ಹೋದೀತು, ಗಟ್ಟಿ ಜಾಗ! ಒಂದು ಹನಿ ರಾಳವನ್ನು ಮೇಲೆ ಸವರಿ, ತುಂಬಿದ ಹಾಗೆ ಕಾಣುವಂತೆ ಮಾಡಿ ಮುಂದೆ ಹೋದ. ಅವನ ಮುಖದಲ್ಲಿ ನಗುವೂ ಇರಲಿಲ್ಲ, ಬೇಸರವೂ ಇರಲಿಲ್ಲ.

ಆಮೇಲೆ ಗೊಂಡೊ ಮೆಟ್ಟಿಲ ಪಕ್ಕದ ಕಂಬದ ಕಡೆ ಸರಳು ತೋರಿಸಿ ಏನೋ ಕೇಳಿದ. ನುಮತಾ ಸ್ವಲ್ಪ ಹೊತ್ತು ಆ ಕಂಬವನ್ನೇ ನೋಡಿ, ಬೇಡವೆಂದು ತಲೆಯಾಡಿಸಿದಳು.

ಸಸಮೊರಿ ಬಂದ ಹಾಗೇ ಹಿಂದಕ್ಕೆ ಸರಿದ. ಬೇರೆ ದೇಶದವರಾದರೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎಂದುಕೊಳ್ಳುತ್ತಾರೆ. ಭೂಕಂಪದ ಈ ದೇಶದಲ್ಲಿ ಹಾಗೆ ಬೇಡಿಕೊಳ್ಳುವಂತಿಲ್ಲ, ಅದು ನಿಜಕ್ಕೂ ಬಾಯಿಬಿಟ್ಟೀತು. ಅವನು ವ್ಯಾನಿನ ಬಾಗಿಲು ಹಾಕಿಕೊಂಡು ಕೂತ. ಮುಖ, ಕಿವಿ, ಕತ್ತು ಎಲ್ಲ ಕಾದು ಸುಡುತ್ತಿತ್ತು. ಎಂದಿನಿಂದ ಗೊತ್ತು ಇವರಿಗೆ? ಬೇಸಿಗೆಯಲ್ಲಿ ಮಾಡಿದ ಸೇತುವೆಯ ಕೆಲಸದಿಂದಲೋ, ಅದಕ್ಕೂ ಮುಂಚಿನಿಂದಲೋ? ಗೊತ್ತಿದ್ದೂ ತನ್ನ ಬಾಯಿಂದ ಸೋಮಾರಿಗಳು ಎನ್ನಿಸಿಕೊಂಡರು. ಗೊತ್ತಿದ್ದೂ 'ತುಂಬ್ತು ಮೇಸ್ತ್ರಿಗಳೇ' ಎಂದರು. ಗೊತ್ತಿದ್ದೇ ಅಲ್ಲವೇ ನಿನ್ನೆ ಅಷ್ಟು ಜನರೆದುರು ಬೂಟು ನೋಡುತ್ತಾ ನಿಂತದ್ದು! ಅದನ್ನು ತಾನು ಗೌರವ ಎಂದುಕೊಂಡೆನಲ್ಲ. ಥೂ, ಎಂಥ ಮುದಿ ಮೂರ್ಖ ನಾನು ಎಂದು ತನ್ನನ್ನೇ ಉಗಿದುಕೊಂಡ.

ಊಟದ ಹೊತ್ತು ಮುಗಿಯುವಾಗ ಅವನು ಒಳಗೆ ಹೋದ. ಹೋಗುವ ಮೊದಲು ಬಾಗಿಲಲ್ಲೇ ನಿಂತು ಎರಡು ಸಲ ಜೋರಾಗಿ ಕೆಮ್ಮಿದ. ಒಳಗಿದ್ದವರು ಸರಳು ಬಚ್ಚಿಡಲಿ ಎಂದು. ಆ ಕೆಮ್ಮು ಅವನಿಗೆ ಇನ್ನೂ ನಾಚಿಕೆ ತಂದಿತು. ಮಧ್ಯಾಹ್ನ ಗೊಂಡೊ ದೊಡ್ಡದಾಗಿ ಆಕಳಿಸಿದ, ಮತ್ತೆ ಬೈಗುಳಕ್ಕೆ ಕಾದು ನಿಂತ. ಸಸಮೊರಿ ಬೇರೆ ಕಡೆ ತಿರುಗಿಕೊಂಡ.

"ಮೇಸ್ತ್ರಿಗಳೇ, ಮೈ ಸರಿ ಇಲ್ವಾ?" ಎಂದ ಗೊಂಡೊ. ಸಸಮೊರಿ ಕೇಳಿಸದವನಂತೆ ನಡೆದ. ಆ ಮಾತು ಮಾತ್ರ ಚೆನ್ನಾಗಿ ಕೇಳಿಸಿತ್ತು.

ಇವರು ಇಷ್ಟು ದೊಡ್ಡ ಮನಸ್ಸಿನಿಂದ ಮುಚ್ಚಿಟ್ಟಿರುವಾಗ ತಾನೂ ಮುಚ್ಚಿಟ್ಟುಕೊಂಡು ಹೋಗುವುದೇ ಮರ್ಯಾದೆ ಎಂದು ಅವನು ಮನೆಗೆ ಹೋಗುವ ದಾರಿಯಲ್ಲಿ ಲೆಕ್ಕ ಹಾಕಿದ. ಹೇಗೂ ಕಂಬಗಳು ಸರಿಯಾಗುತ್ತಿವೆ. ಈ ಕೆಲಸ ಮುಗಿಯಲಿ, ಬೆನ್ನುನೋವು ಎಂದು ಹೇಳಿ ಬಿಟ್ಟುಬಿಡುತ್ತೇನೆ. ಅವರು ಅಯ್ಯೋ ಪಾಪ ಎನ್ನುತ್ತಾರೆ, ಅಕ್ಕಿಯ ಸಾಕೆ ಮದ್ಯ ಕುಡಿಸಿ ಕಳಿಸುತ್ತಾರೆ. ಯಾರ ಮುಖಕ್ಕೂ ಮಸಿಯಾಗುವುದಿಲ್ಲ.

ಮನೆಯಲ್ಲಿ ಕಿನುಕೊ ಊಟದ ಮೇಜಿನ ಮೇಲೆ ಚಿತ್ರದ ಹಾಳೆಗಳನ್ನು ಹರಡಿಕೊಂಡು, ಒಂದೊಂದೇ ಎತ್ತಿ ತೋರಿಸುತ್ತಾ ಕಥೆ ಹೇಳುವುದನ್ನು ಅಭ್ಯಾಸ ಮಾಡುತ್ತಿದ್ದಳು. ಪುಸ್ತಕಾಲಯ ತೆರೆದ ಮೇಲೆ ಮಕ್ಕಳಿಗೆ ಕಥೆ ಹೇಳಲು ಒಪ್ಪಿಕೊಂಡಿದ್ದಳು. ಅವಳ ಬಾಯಿ ನರಿಯಾಗುತ್ತಿತ್ತು, ಅಜ್ಜಿಯಾಗುತ್ತಿತ್ತು. ಸಸಮೊರಿಗೆ ಅರ್ಧಕ್ಕರ್ಧ ಕೇಳಿಸುತ್ತಿರಲಿಲ್ಲ, ಆದರೂ ತಲೆಯಾಡಿಸುತ್ತಿದ್ದ.

"ರೀ, ನಮಗೆ ಜಾಗ ಕೊಟ್ಟಾಯ್ತು!" ಎಂದು ಅವಳು ಎದುರಿಗೆ ಬಂದು ದನಿ ಎತ್ತಿ ಹೇಳಿದಳು.

"ಎಲ್ಲಿ?"

"ಮೆಟ್ಟಿಲ ಪಕ್ಕದಲ್ಲಿ. ಕಂಬದ ಬುಡಕ್ಕೆ ಚಾಪೆ ಹಾಸ್ತಾರಂತೆ, ಮಕ್ಕಳು ಬೂಟು ಬಿಚ್ಚಿಟ್ಟು ಸುತ್ತ ಕೂರೋದಂತೆ. ನಾನು ಕಂಬಕ್ಕೆ ಒರಗಿ ಕಥೆ ಹೇಳೋದು. ನಗರಸಭೆಯವರೇ ಫೋನ್ ಮಾಡಿದ್ರು ರೀ. ನಿಮ್ಮ ಯಜಮಾನ್ರು ತಟ್ಟಿ ತೋರಿಸಿದ ಕಂಬ, ಅದರಷ್ಟು ಗಟ್ಟಿ ಇನ್ನೊಂದಿಲ್ವಂತೆ, ಅದಕ್ಕೇ ಮಕ್ಕಳನ್ನ ಅಲ್ಲೇ ಕೂರಿಸೋಣ ಅಂತ."

ಸಸಮೊರಿಯ ಕೈಯ ಬಟ್ಟಲು ಮೇಜಿಗೆ ತಗುಲಿ ಸಾರು ಚೆಲ್ಲಿತು. ನುಮತಾ ಬೇಡವೆಂದು ತಲೆಯಾಡಿಸಿದ್ದು ಯಾಕೆಂದು ಅವನಿಗೆ ಈಗ ಅರ್ಥವಾಯಿತು. ಊರ ದೊಡ್ಡವರೆದುರು ಮೇಸ್ತ್ರಿ ಹೊಗಳಿದ ಕಂಬ ಅದು. ಅದರ ಮೇಲೆ ಹೊಸದಾಗಿ ರಾಳ ತುಂಬಿದ ಗುರುತು ಬಿದ್ದರೆ, ಅದು ಯಾರ ಕಣ್ಣಿಗಾದರೂ ಬಿದ್ದರೆ, ಮೇಸ್ತ್ರಿಯ ಮಾನ ಹೋದ ಹಾಗೆ. ಅದಕ್ಕೇ ಎಲ್ಲ ಕಂಬ ತಟ್ಟಿದವರು ಅದೊಂದನ್ನು ಮುಟ್ಟಲಿಲ್ಲ. ತಾನೊಬ್ಬ ತಟ್ಟಿದ ಕಂಬವೆಂದರೆ ಯಾರೂ ತಟ್ಟದ ಕಂಬವೇ. ನಾಳೆ ಅದಕ್ಕೆ ಗಾರೆ, ಬಳಿದ ಮೇಲೆ ಯಾರೂ ತಟ್ಟಿ ನೋಡುವಂತಿಲ್ಲ.

"ಯಾಕ್ರೀ, ಮುಖ ಹೀಗೆ ಬಿಳುಚ್ಕೊಂಡಿದೆ?"

"ಏನಿಲ್ಲ. ಸಾರು ಬಿಸಿ ಇದೆ," ಎಂದ.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ನುಮತಾಳ ಕಿವಿಯಲ್ಲಿ ಗುಟ್ಟಾಗಿ ಹೇಳೋಣವೆಂದು ಹೊರಟ. ಅಲ್ಲಿ ಹೋದರೆ ಗಾರೆಯವರು ಆಗಲೇ ಬಂದು ಗಾರೆ ಕಲಸುತ್ತಿದ್ದಾರೆ. ಬೇರೆ ಕಂಪನಿಯವರು, ಗುರುತಿಲ್ಲದ ಮುಖಗಳು. ನುಮತಾ ಅವರ ಯಜಮಾನನ ಜೊತೆ ಮಾತಿನಲ್ಲಿದ್ದಾಳೆ. ಸಸಮೊರಿ ಎರಡು ಸಲ ಹತ್ತಿರ ಹೋದ, ಎರಡು ಸಲ ಹೆಲ್ಮೆಟ್ಟಿನ ಪಟ್ಟಿ ಸರಿ ಮಾಡಿಕೊಂಡು ವಾಪಸು ಬಂದ. ಅಷ್ಟರಲ್ಲಿ ಕೆಲಸಕ್ಕೆ ಮುಂಚೆ ಎಲ್ಲರೂ ಒಟ್ಟಿಗೆ ಮಾಡುವ ವ್ಯಾಯಾಮದ ಹಾಡು ರೇಡಿಯೋದಲ್ಲಿ ಶುರುವಾಯಿತು. ಎಲ್ಲರ ಜೊತೆ ಅವನೂ ಕೈ ಎತ್ತಿ ಇಳಿಸಿದ.

ವ್ಯಾಯಾಮ ಮುಗಿದ ಮೇಲೆ ಎಲ್ಲರೂ ದುಂಡಗೆ ನಿಂತರು. ದಿನಾ ಬೆಳಿಗ್ಗೆ ನಡೆಯುವುದೇ ಇದು. ಒಬ್ಬೊಬ್ಬರೂ ಇವತ್ತಿನ ಕೆಲಸದಲ್ಲಿ ಏನು ಅಪಾಯ ಎಂದು ಹೇಳಬೇಕು. ಹೇಳಿದ್ದನ್ನು ಉಳಿದವರೆಲ್ಲ ಬೆರಳು ಚಾಚಿ ತೋರಿಸಿ ಒಟ್ಟಿಗೆ ಕೂಗಬೇಕು. ಕೂಗದೆ ಬಿಟ್ಟ ಅಪಾಯ ಅವತ್ತೇ ಬಂದು ವಕ್ಕರಿಸುತ್ತದೆ ಎಂದು ಕೆಲಸದವರ ನಂಬಿಕೆ, ಆದ್ದರಿಂದ ಯಾರೂ ತಪ್ಪಿಸುವುದಿಲ್ಲ.

"ಮಂಜು ಬಿದ್ದು ಹೊರಗಿನ ಮೆಟ್ಟಿಲು ಜಾರ್ತಿದೆ," ಎಂದ ಗೊಂಡೊ.

"ಕಾಲಡಿ, ಎಚ್ಚರ!" ಎಂದು ಎಲ್ಲರೂ ನೆಲಕ್ಕೆ ಬೆರಳು ಮಾಡಿ ಕೂಗಿದರು.

"ಗಾರೆ ಎತ್ತೋವಾಗ ತಲೆ ಮೇಲೆ ಬೀಳಬಹುದು. ಮೆಟ್ಟಿಲ ಪಕ್ಕದ ಕಂಬದಿಂದ್ಲೇ ಶುರು ಮಾಡ್ತೀವಿ," ಎಂದ ಗಾರೆಯವರ ಯಜಮಾನ.

"ತಲೆ ಮೇಲೆ, ಎಚ್ಚರ!"

ಕೊನೆಯ ಸರದಿ ಯಾವಾಗಲೂ ಹಿರಿಯನದು. ಸಸಮೊರಿ ಬಾಯಿ ತೆರೆದ. ಸಾರುವೆ ಹತ್ತುವಾಗ ಕೊಂಡಿ ಹಾಕಿಕೊಳ್ಳಿ ಎಂದು ಅವನು ದಿನಾ ಹೇಳುವ ಮಾತು ಬಾಯಿಗೆ ಬಂದು ನಿಂತಿತು. ಅದನ್ನೇ ಹೇಳಿ ಮುಗಿಸಿಬಿಡಬಹುದಿತ್ತು.

"ನನ್ನ ಕಿವಿ," ಎಂದ.

ಯಾರಿಗೂ ತಿಳಿಯಲಿಲ್ಲ. ಗಾರೆಯವನೊಬ್ಬ ತಮಾಷೆ ಇರಬೇಕೆಂದು ಹಲ್ಲು ಕಿರಿದ.

"ಇವತ್ತಿನ ಅಪಾಯ ನನ್ನ ಕಿವಿ. ನನಗೆ ಕೇಳಿಸಲ್ಲ. ಎಷ್ಟೋ ದಿನದಿಂದ ಕೇಳಿಸಲ್ಲ. ಕೇಳಿಸೋ ಹಾಗೆ ನಾಟಕ ಆಡ್ದೆ, ಸುಳ್ಳು ಸುಳ್ಳು ಸುತ್ತು ಹಾಕ್ದೆ. ಇವರೆಲ್ಲ ಊಟ ಬಿಟ್ಟು ನನ್ನ ಹಿಂದೆ ಕಂಬ ತಟ್ಟಿದ್ದಾರೆ. ಮೆಟ್ಟಿಲ ಪಕ್ಕದ ಕಂಬ ಮಾತ್ರ ತಟ್ಟಿಲ್ಲ. ನನ್ನ ಮಾನಕ್ಕೋಸ್ಕರ ಬಿಟ್ಟಿದ್ದಾರೆ. ಅದನ್ನ ಕಿವಿ ಇರೋರು ಯಾರೂ ತಟ್ಟಿಲ್ಲ," ಎಂದು ಹೇಳಿ ಸೊಂಟ ಬಗ್ಗಿಸಿ ತಲೆ ತಗ್ಗಿಸಿದ. ಮೇಲೇಳುವ ಧೈರ್ಯ ಬರಲಿಲ್ಲ.

ಗೊಂಡೊ ಮತ್ತೆ ಬೂಟು ನೋಡತೊಡಗಿದ. ಹೇಳಿದ ಅಪಾಯವನ್ನು ಕೂಗದೆ ಬಿಡುವಂತಿಲ್ಲ, ಇದನ್ನು ಕೂಗುವುದಾದರೂ ಹೇಗೆ? ಕಡೆಗೆ ನುಮತಾಳ ಕೈ ಮೇಲೆದ್ದಿತು. ಬೆರಳನ್ನು ಅವಳು ಸಸಮೊರಿಯ ಕಿವಿಯ ಕಡೆ ಚಾಚಿದಳು. ಅವಳ ಹಿಂದೆ ಗೊಂಡೊನ ಬೆರಳು, ಆಮೇಲೆ ಎಲ್ಲರದೂ, ಗುರುತಿಲ್ಲದ ಗಾರೆಯವರದೂ.

"ಮೇಸ್ತ್ರಿಗಳ ಕಿವಿ, ಎಚ್ಚರ!"

ಅದು ಸಸಮೊರಿಗೆ ಒಂದಕ್ಷರ ಬಿಡದೆ ಕೇಳಿಸಿತು. ಮೈಮೇಲಿನ ಬಟ್ಟೆ ಕಳಚಿ ಬೀದಿಯಲ್ಲಿ ನಿಲ್ಲಿಸಿದ ಹಾಗಾಯಿತು.

ಸಸಮೊರಿ ತನ್ನ ಸರಳನ್ನು ಎರಡು ಕೈಯಲ್ಲಿ ಹಿಡಿದು ನುಮತಾಳಿಗೆ ಕೊಟ್ಟ. ಅವಳು ಮೆಟ್ಟಿಲ ಪಕ್ಕದ ಕಂಬವನ್ನು ತಟ್ಟುತ್ತಾ ಬಂದಳು. ಮುಂಭಾಗ ದಾಟಿ ಮೆಟ್ಟಿಲ ಕಡೆ ತಿರುಗಿದ್ದೇ ಗಾರೆಯವರ ಯಜಮಾನ "ಅಯ್ಯಯ್ಯೋ!" ಎಂದ. ಕೆಲಸ ಗೊತ್ತಿಲ್ಲದವರಿಗೂ ತಿಳಿಯುವಷ್ಟು ಬೊದ್ದು ಸದ್ದು. ಸಸಮೊರಿಗೆ ಮಾತ್ರ ಅದು ಬೇರೆ ಸದ್ದಿನಂತೆಯೇ ಇತ್ತು. ಅವಳು ಹಾಕಿದ ಸುತ್ತು ಊಟದ ತಟ್ಟೆಯಷ್ಟು ಅಗಲವಾಗಿ, ಬಟ್ಟೆಯ ಎರಡು ತುದಿಗಳು ಒಂದರ ಮೇಲೊಂದು ಕೂರುವ ಜಾಗದಲ್ಲೇ ಬಿದ್ದಿತ್ತು. ಅಲ್ಲಿ ಬಿಟ್ಟುಕೊಂಡರೆ ಕಂಬಕ್ಕೆ ಸುತ್ತಿದ ಇಡೀ ಬಟ್ಟೆಯೇ ಸಡಿಲ, ನಡುಕಟ್ಟು ಸುತ್ತಿ ಗಂಟು ಹಾಕದೆ ಬಿಟ್ಟ ಹಾಗೆ.

"ಗುರುವಾರವೇ ನನಗೆ ಅನುಮಾನ ಬಂದಿತ್ತು," ಎಂದಳು ನುಮತಾ. ಅವನಿಗೆ ಕೇಳಿಸಲೆಂದು ಅವಳು ಎದುರಿಗೆ ನಿಂತು ಜೋರಾಗಿ ಹೇಳಬೇಕಾಯಿತು, ಆದ್ದರಿಂದ ಎಲ್ಲರಿಗೂ ಕೇಳಿಸಿತು. "ಇವತ್ತು ಬೇಗ ಬಂದು ನೋಡೋಣ ಅಂದ್ಕೊಂಡೆ. ಬರೋ ಅಷ್ಟರಲ್ಲಿ ಗಾರೆಯವರು ಬಂದಿದ್ರು. ಅವರ ಎದುರಿಗೆ ಹೇಗೆ ತಟ್ಟೋದು ಅಂತ ಸುಮ್ಮನಾಗ್ಬಿಟ್ಟೆ. ತಪ್ಪು ನಂದು. ಮಕ್ಕಳು ಕೂರೋ ಜಾಗ." ಅವಳೂ ತಲೆ ತಗ್ಗಿಸಿದಳು.

"ನನ್ನ ಹೆಂಡತಿ ಕೂರೋ ಜಾಗ," ಎಂದ ಸಸಮೊರಿ.

ಗೊಂಡೊ ಮೊಣಕಾಲೂರಿ ಸೂಜಿ ಚುಚ್ಚಿದ. ರಾಳ ಇಳಿಯಿತು, ಇಳಿಯುತ್ತಲೇ ಹೋಯಿತು. ಸಿರಿಂಜು ಖಾಲಿಯಾಗಿ ಮತ್ತೊಂದು ತರಿಸಬೇಕಾಯಿತು. ಅಂದು ಆ ಕಂಬಕ್ಕೆ ಗಾರೆ ಬಳಿಯಲಿಲ್ಲ.

ಮಧ್ಯಾಹ್ನ ಗಂಟೆ ಹೊಡೆದಾಗ ಸಸಮೊರಿ ಅಭ್ಯಾಸಬಲದಿಂದ ವ್ಯಾನಿಗೆ ಹೋದವನು, ಬುತ್ತಿ ಬಿಚ್ಚದೆ ಅರ್ಧ ಗಂಟೆ ಕೂತಿದ್ದು, ಆಮೇಲೆ ಅದನ್ನು ಎತ್ತಿಕೊಂಡು ಹಿಂದಿರುಗಿದ. ಇನ್ನು ತಾನು ದೂರ ಹೋಗಬೇಕಾದ ಕಾರಣ ಇರಲಿಲ್ಲ. ಊಟದ ಕೊಠಡಿಯ ಬಾಗಿಲು ಸರಿಸಿದ.

ಬುತ್ತಿಗಳು ಖಾಲಿಯಾಗಿದ್ದವು. ರಟ್ಟು ಹಾಸಿಕೊಂಡು ಎಲ್ಲರೂ ಉರುಳಿಕೊಂಡಿದ್ದರು. ಗೊಂಡೊ ಅಂಗಾತ ಬಿದ್ದು ಬಾಯಿ ತೆರೆದು ಮಲಗಿದ್ದ, ಎದೆ ಏರಿ ಇಳಿಯುತ್ತಿತ್ತು. ನುಮತಾ ಗೋಡೆಗೆ ಒರಗಿ ಕುಳಿತಲ್ಲೇ ನಿದ್ದೆ ಹೋಗಿದ್ದಳು, ಕೈಯಲ್ಲಿ ಚಾಪ್‌ಸ್ಟಿಕ್ಕು ಹಾಗೇ ಇತ್ತು. ಎಷ್ಟು ದಿನದ ನಿದ್ದೆಯೋ ಅದು. ಸೋಮಾರಿಗಳು, ನಿದ್ದೆ ಮಾಡೋದೂ ಗೊತ್ತಿಲ್ಲ ಎಂದು ತಾನು ಬೈದದ್ದು ಇವರನ್ನೇ.

ಅವನು ಸದ್ದಾಗದಂತೆ ಬೂಟು ಬಿಚ್ಚಿ ಬಾಗಿಲ ಬಳಿ ಕೂತ. ಬುತ್ತಿ ಬಿಚ್ಚಬೇಕೆಂದುಕೊಂಡ, ಮುಚ್ಚಳ ತೆಗೆದರೆ ಎಷ್ಟು ಸದ್ದಾಗುತ್ತದೋ ಅವನಿಗೆ ತಿಳಿಯದು. ಹಾಗಾಗಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಅವರು ಏಳುವ ತನಕ ಸುಮ್ಮನೆ ಕೂತಿದ್ದ.